ಸೋಫಾದ ಬೆನ್ನೇ ದಾರಿ

"ಅಲ್ಲಲ್ಲ, ಇನ್ನೂ ಸ್ವಲ್ಪ ಈ ಕಡೆ! ಟೀಪಾಯಿ ನಡುಮಧ್ಯಾನೇ ಬರ್ಬೇಕು ಚಿಕ್ಕಮ್ಮ!"

ಚಿಕ್ಕಮ್ಮ ಮಂಡಿಯೂರಿ ಕೂತು ಖಾಲಿ ಹಾಲ್‌ನ ನೆಲಕ್ಕೆ ಹಳದಿ ಟೇಪು ಅಂಟಿಸಿ, ಬರಲಿರುವ ಸಾಮಾನುಗಳ ಜಾಗ ಗುರುತು ಮಾಡುತ್ತಿದ್ದಳು. ಟೇಪಿನ ಸುರುಳಿ ಅವಳ ಮುಂಗೈಯಲ್ಲಿ ಬಳೆಯಂತೆ ನೇತಾಡುತ್ತಿತ್ತು. ಜೀರುಂಡೆ ತೋರಿಸಿದ ಕಡೆಗೆ ಒಂದು ಗೇಣು ಸರಿದಳು. ಮಂಡಿ ಲಟಕ್ ಎಂದಿತು.

"ಮೇಡಮ್ಮೋರದ್ದು ಇನ್ನೇನಾದ್ರೂ ಅಪ್ಪಣೆ?"

"ಆಮೇಲೆ ಕಾರ್ಪೆಟ್ಟು. ದಪ್ಪದ್ದು. ಕಾಲಿಟ್ರೆ ಪುಸ್ ಅಂತ ಒಳಗೆ ಹೋಗ್ಬೇಕು."

ಜೀರುಂಡೆ ಎನ್ನುವುದು ಆ ಹುಡುಗಿಯ ನಿಜವಾದ ಹೆಸರಲ್ಲ. ಬೆಳಗ್ಗೆ ಎದ್ದಾಗ ತೆರೆದ ಬಾಯಿ ಮಲಗುವಾಗಲೇ ಮುಚ್ಚುವುದು ಎಂದು ಮನೆಯಲ್ಲಿ ಇಟ್ಟ ಹೆಸರು. ಈಗ ಐದನೇ ಕ್ಲಾಸಿನಲ್ಲಿ ಟೀಚರೂ ಹಾಗೇ ಕರೆಯುತ್ತಿದ್ದರು.

ಚಿಕ್ಕಮ್ಮನ ಕೆಲಸ ಬೇರೆಯವರ ಮನೆಗಳನ್ನು ಒಳಗಿನಿಂದ ಅಣಿಗೊಳಿಸುವುದು. ಯಾವ ಗೋಡೆಗೆ ಏನು, ಯಾವ ಮೂಲೆಗೆ ಏನು, ದೀಪ ಎಲ್ಲಿ, ಕಪಾಟು ಎಲ್ಲಿ ಎಂದು ಹೇಳುವವಳು ಅವಳು. ಜೀರುಂಡೆಯ ಮನೆಯವರು ಮುಂದಿನ ವಾರ ಈ ಹೊಸ ಫ್ಲ್ಯಾಟಿಗೆ ಬರುವುದಿತ್ತು. "ಹಾಲ್‌ನ ಪ್ಲಾನ್ ನೀನೇ ಮಾಡು, ನಾನು ನಿನ್ನ ಅಸಿಸ್ಟೆಂಟ್" ಎಂದು ಚಿಕ್ಕಮ್ಮ ಮಾತು ಕೊಟ್ಟಿದ್ದಳು.

ಜೀರುಂಡೆಗೆ ಇನ್ನೇನು ಬೇಕು? ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರವನ್ನು ಅವಳು ತಿಂಗಳಿನಿಂದ ಗಣಿತದ ಪುಸ್ತಕದೊಳಗೆ ಇಟ್ಟುಕೊಂಡಿದ್ದಳು. ಅದರಲ್ಲಿ ಗಾಜಿನ ಟೀಪಾಯಿ, ಮೋಡದಂಥ ಕಾರ್ಪೆಟ್ಟು, ಕೋಣೆಯ ನಟ್ಟನಡುವೆ ಸೂರಿನಿಂದ ನೇತಾಡುವ, ಮೊಟ್ಟೆಯಾಕಾರದ ಬೆತ್ತದ ಉಯ್ಯಾಲೆ ಇದ್ದವು. ಆ ಚಿತ್ರ ನೋಡಿದಾಗಲೆಲ್ಲ ಅವಳಿಗೆ ತಮ್ಮ ಹಳೆಯ ಮನೆಯ ಹಾಲ್ ನೆನಪಾಗಿ ಮುಖ ಸಪ್ಪಗಾಗುತ್ತಿತ್ತು. ಅಲ್ಲಿ ಸೋಫಾ, ಮೇಜು, ಕಪಾಟು, ಕುರ್ಚಿ, ಎಲ್ಲವೂ ಗೋಡೆಗೆ ಬೆನ್ನು ಒತ್ತಿಕೊಂಡು ಸಾಲಾಗಿ ನಿಂತಿದ್ದವು. ನಡುವೆ ಖಾಲಿಯೋ ಖಾಲಿ.

"ನಮ್ಮನೆ ಹಾಲ್ ರೈಲ್ವೆ ಸ್ಟೇಷನ್ನಿನ ವೇಟಿಂಗ್ ರೂಮ್ ಥರ ಇದೆ" ಎಂದು ಅವಳು ಎಷ್ಟೋ ಸಲ ಗೊಣಗಿದ್ದಳು.

"ಒಂದು ಪ್ರಶ್ನೆ" ಎಂದಳು ಚಿಕ್ಕಮ್ಮ, ಕಾರ್ಪೆಟ್ಟಿನ ಮೂಲೆಗೆ ಟೇಪು ಹರಿಯುತ್ತ. "ಈ ಹಾಲ್‌ನಲ್ಲಿ ಯಾರು ಇರ್ತಾರೆ?"

"ನಾವು!"

"ನಾವು ಅಂದ್ರೆ?"

"ನಾವು ಅಂದ್ರೆ ನಾವು ಚಿಕ್ಕಮ್ಮ! ಎಂಥ ಪ್ರಶ್ನೆ ಕೇಳ್ತೀಯ!"

ಚಿಕ್ಕಮ್ಮ ಇನ್ನೇನೋ ಕೇಳಬೇಕೆಂದಿದ್ದಳು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. "ಬಡಗಿದು" ಎನ್ನುತ್ತ ಅವಳು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡಳು.

ಜೀರುಂಡೆ ಟೇಪಿನ ಸೋಫಾದ ಮೇಲೆ ಕಾಲು ಚಾಚಿ ಕೂತಳು. ಟೇಪಿನ ಟೀಪಾಯಿಯ ಮೇಲೆ ತನ್ನ ನೀರಿನ ಬಾಟಲಿ ಇಟ್ಟಳು. ಆಹಾ! ಆದರೆ ಉಯ್ಯಾಲೆಯನ್ನು ಟೇಪಿನಲ್ಲಿ ಮಾಡುವುದು ಹೇಗೆ? ಅದು ನೆಲದ ಮೇಲಿರುವ ವಸ್ತುವಲ್ಲವಲ್ಲ. ಅವಳು ತಲೆಯೆತ್ತಿದಳು. ಸೂರಿನ ನಡುವೆ ಹಿಂದಿನವರು ಬಿಟ್ಟುಹೋದ ಒಂದು ಕಬ್ಬಿಣದ ಕೊಕ್ಕೆ ಇತ್ತು. ಗೋಡೆಗೆ ಒರಗಿ ಪೇಂಟಿನವರ ಮಡಿಸುವ ಏಣಿ ನಿಂತಿತ್ತು. ಅದರ ಪಕ್ಕದಲ್ಲೇ ಒಂದು ಖಾಲಿ ತಗಡಿನ ಬಕೆಟ್ಟು, ಒಂದು ಹಗ್ಗ.

ಆಮೇಲಿನದ್ದು ಹೇಳಬೇಕಾಗಿಲ್ಲ. ಚಿಕ್ಕಮ್ಮ ಬಾಲ್ಕನಿಯಲ್ಲಿ "ಅಂಗುಲ ಅಂದ್ರೆ ಅಂಗುಲಾನೇ ಕಣಯ್ಯಾ" ಎಂದು ಬಡಗಿಯೊಂದಿಗೆ ಜಗಳ ಮುಗಿಸುವುದರೊಳಗೆ ಏಣಿ ಪಕ್ಕಕ್ಕೆ ಸರಿದು, ಬಕೆಟ್ಟು ಹಾಲ್‌ನ ನಡುವೆ ನೇತಾಡುತ್ತಿತ್ತು. ಜೀರುಂಡೆ ಅದನ್ನು ಮೆಲ್ಲಗೆ ತಳ್ಳಿದಳು. ಅದು ತೂಗಿತು. ಚಿತ್ರದಲ್ಲಿದ್ದಂತೆಯೇ!

ಹೊರಗೆ ಲಿಫ್ಟು ನಿಂತ ಸದ್ದಾಯಿತು. ಮುಂಬಾಗಿಲು ತೆರೆಯಿತು.

"ಮೇಡಂ ಡಿಸೈನರ್ ಇದ್ದಾರಾ?" ಎಂದಿತು ಅಪ್ಪನ ಧ್ವನಿ. ಹಿಂದೆ ಅಮ್ಮ ಲಿಫ್ಟಿನಿಂದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಎಳೆಯುತ್ತಿದ್ದಳು. ಅಮ್ಮ ಕೆಲಸ ಮಾಡುವುದು ಔಷಧಿ ಅಂಗಡಿಯಲ್ಲಿ. ಸಾಮಾನು ಕಟ್ಟಲು ಅಲ್ಲಿಂದ ಪೆಟ್ಟಿಗೆ ತಂದಿದ್ದಳು.

ಅಪ್ಪನಿಗೆ ಕಣ್ಣು ಕಾಣುವುದಿಲ್ಲ. ಜೀರುಂಡೆ ಹುಟ್ಟುವ ಮೊದಲಿನಿಂದಲೂ ಕಾಣುವುದಿಲ್ಲ. ಅವನು ಸಂಜೆ ಹೊತ್ತು ಮನೆಯಲ್ಲಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಾನೆ. ಬಾಯಲ್ಲೇ ತ್ರಿಭುಜ ಬರೆಯುತ್ತಾನೆ, ಬಾಯಲ್ಲೇ ಅಳಿಸುತ್ತಾನೆ. ಹಳೆಯ ಮನೆಯಲ್ಲಿ ಅಡುಗೆಮನೆಯಿಂದ ಹಾಲ್‌ಗೆ ಎರಡೂ ಕೈಯಲ್ಲಿ ಟೀ ಹಿಡಿದು ಸರಸರ ಬರುತ್ತಾನೆ. ಫೋನು ಹೊಡೆದರೆ ಎಲ್ಲರಿಗಿಂತ ಮೊದಲು ಓಡುವವನು ಅವನೇ. ಹಾಗಾಗಿ ಅಪ್ಪನಿಗೆ ಕಣ್ಣು ಕಾಣುವುದಿಲ್ಲ ಎನ್ನುವುದು ಜೀರುಂಡೆಗೆ ದಿನಗಟ್ಟಲೆ ನೆನಪೇ ಆಗುತ್ತಿರಲಿಲ್ಲ.

ಹೊಸ ಮನೆಗೆ ಅವನು ಬಂದದ್ದು ಇದೇ ಮೊದಲು.

"ಅಪ್ಪಾ, ನೋಡು ನನ್ನ ಪ್ಲಾನ್!" ಎಂದಳು ಜೀರುಂಡೆ.

"ಬಂದೆ ಬಂದೆ" ಎನ್ನುತ್ತ ಅಪ್ಪ ಧ್ವನಿ ಬಂದ ಕಡೆಗೆ ನಡೆದ. ಬಿಳಿ ಕೋಲು ಟಕ್ ಟಕ್ ಎಂದು ನೆಲ ಮುಟ್ಟುತ್ತ ಮುಂದೆ ಬಂತು. ಅಪ್ಪ ಸೋಫಾದ ಒಳಗಿಂದಲೇ ಹಾದು ಬಂದ. ಟೀಪಾಯಿಯ ಒಳಗಿಂದಲೂ ಬಂದ. ಅವನ ಬೂಟಿನಡಿ ಹಳದಿ ಟೇಪು ಕಿತ್ತುಬಂತು. ಜೀರುಂಡೆ ಕಿಸಕ್ಕೆಂದು ನಕ್ಕಳು. ಆಮೇಲೆ ನಗು ಅಲ್ಲೇ ನಿಂತಿತು. ಕೋಲು ಬಕೆಟ್ಟಿನ ಕೆಳಗಿಂದ ಆರಾಮಾಗಿ ಈಚೆ ಬಂದಿತ್ತು. ಅಲ್ಲಿ ನೆಲದ ಮೇಲೆ ಅದಕ್ಕೆ ಏನೂ ಸಿಕ್ಕಿರಲಿಲ್ಲ.

"ಅಪ್ಪಾ, ನಿಲ್ಲು..."

ಢಣ್!

ಬಕೆಟ್ಟು ಅಪ್ಪನ ಹಣೆಗೆ ಬಡಿದು ಹಿಂದಕ್ಕೆ ಹೋಗಿ, ಮತ್ತೆ ಬಂದು ಭುಜಕ್ಕೆ ಬಡಿಯಿತು. ಕೋಲು ಕೈತಪ್ಪಿ ದೂರ ಉರುಳಿತು.

"ರೀ!" ಎಂದು ಕೂಗುತ್ತ ಅಮ್ಮ ಪೆಟ್ಟಿಗೆ ಬಿಟ್ಟು ಓಡಿ ಬಂದಳು. ಚಿಕ್ಕಮ್ಮ ಬಾಲ್ಕನಿಯಿಂದ ಧಾವಿಸಿ ಬಂದು ಬಕೆಟ್ಟು ಹಿಡಿದು ನಿಲ್ಲಿಸಿ, ಬಿಚ್ಚಿ ಕೆಳಗಿಟ್ಟಳು.

"ಏನಿಲ್ಲ, ಏನಿಲ್ಲ" ಎಂದ ಅಪ್ಪ. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು ಏಳುತ್ತಿತ್ತು. ಅವನು ಎರಡೂ ಕೈಗಳನ್ನು ಮುಂದೆ ಚಾಚಿದ. ಬೆರಳು ಅಗಲಿಸಿ ಗಾಳಿಯಲ್ಲಿ ತಡಕಿದ. ಒಂದು ಕಾಲನ್ನು ಮುಂದಿಟ್ಟು, ನೆಲ ಇದೆಯೋ ಇಲ್ಲವೋ ಎಂಬಂತೆ ಒತ್ತಿ ನೋಡಿದ.

ಅಪ್ಪ ಹೀಗೆ ಕೈ ಚಾಚಿ ನಡೆದದ್ದನ್ನು ಜೀರುಂಡೆ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಆಗ ತಾನೇ ನಡೆಯಲು ಕಲಿಯುವ ಮಗುವಿನಂತೆ ಕಂಡ. ಅವನು ಅಪ್ಪನೇ ಅಲ್ಲ ಅನಿಸಿತು.

"ನಾನೇ ಕಟ್ಟಿದ್ದು" ಎಂದಳು. "ಉಯ್ಯಾಲೆ ಥರ ಇರ್ಲಿ ಅಂತ."

ಅಮ್ಮ ಬಾಯಿ ತೆರೆದಳು. ಅಪ್ಪ ಕೈಯೆತ್ತಿದ. "ಬಕೆಟ್ಟಿನ ಉಯ್ಯಾಲೆಯಾ? ಸದ್ಯ, ಖಾಲಿ ಬಕೆಟ್ಟು. ಇಲ್ಲದಿದ್ರೆ ತಲೆಗೆ ಸ್ನಾನಾನೂ ಆಗ್ತಿತ್ತು."

ಯಾರೂ ನಗಲಿಲ್ಲ. ಜೀರುಂಡೆ ನೆಲಕ್ಕೆ ಕೂತು ಟೇಪು ಕೀಳತೊಡಗಿದಳು. ಸರ್ ಸರ್ ಎಂದು ಟೀಪಾಯಿ ಹೋಯಿತು, ಕಾರ್ಪೆಟ್ಟು ಹೋಯಿತು.

"ಏನೇ ಮಾಡ್ತಿದೀಯ?" ಎಂದಳು ಚಿಕ್ಕಮ್ಮ.

"ಏನೂ ಬೇಡ. ಎಲ್ಲಾ ಗೋಡೆಗೆ ಒತ್ತಿಬಿಡಿ. ಹಳೇ ಮನೆ ಥರಾನೇ. ವೇಟಿಂಗ್ ರೂಮೇ ಇರ್ಲಿ."

ಅಮ್ಮ ಒದ್ದೆ ಕರವಸ್ತ್ರವನ್ನು ಅಪ್ಪನ ಹಣೆಗೆ ಒತ್ತುತ್ತಿದ್ದಳು. "ಆ ವೇಟಿಂಗ್ ರೂಮ್ ನಾನೇ ಮಾಡಿದ್ದು ಗೊತ್ತಾ?" ಎಂದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಮದುವೆಯಾದ ಹೊಸದರಲ್ಲಿ ನಿಮ್ಮಪ್ಪನ ಮೊಣಕಾಲ ಕೆಳಗೆ ಬರೀ ನೀಲಿ ಗುರುತು. ಎಲ್ಲಿ ಬಡೀತು ಅಂತ ಕೇಳೋದು, ಅದನ್ನ ಸರಿಸೋದು. ಮತ್ತೆ ಇನ್ನೊಂದು ಕಡೆ ಬಡೀತಿತ್ತು. ಮತ್ತೆ ಸರಿಸೋದು. ಒಂದಿನ ನೋಡ್ತೀನಿ, ಕಾಲಲ್ಲಿ ಒಂದೂ ಗುರುತಿಲ್ಲ. ಆವತ್ತಿಂದ ಒಂದು ಕುರ್ಚೀನೂ ಅಲ್ಲಾಡಿಸಿಲ್ಲ."

ಟೇಪು ಕೀಳುತ್ತಿದ್ದ ಜೀರುಂಡೆಯ ಕೈ ನಿಂತಿತು.

ಕುರ್ಚಿ ಎಳೆದು ಕೂತವರು ಏಳುವಾಗ ಮೇಜಿನ ಕೆಳಗೆ ತಳ್ಳಲೇಬೇಕು. ಬಾಗಿಲು ಪೂರಾ ತೆರೆದಿರಬೇಕು, ಇಲ್ಲವೇ ಪೂರಾ ಮುಚ್ಚಿರಬೇಕು, ಅರ್ಧ ಮಾತ್ರ ಬಿಡಕೂಡದು. ಚಪ್ಪಲಿ ಗೂಡಿನ ಹೊರಗೆ ಕಂಡರೆ ಅಮ್ಮ ಗುಡುಗುತ್ತಿದ್ದಳು. ಇವೆಲ್ಲ ಅಮ್ಮನ ಕಿರಿಕಿರಿ ಎಂದೇ ಜೀರುಂಡೆ ತಿಳಿದಿದ್ದಳು. ಆ ಸಪ್ಪೆ ಹಾಲ್ ಹಾಗೆ ತಾನಾಗಿ ಆಗಿರಲಿಲ್ಲ. ಅಮ್ಮ ಅದನ್ನು ಒಂದೊಂದೇ ಕುರ್ಚಿಯಾಗಿ ಕಟ್ಟಿದ್ದಳು. ಅಪ್ಪ ಓಡಾಡಲಿ ಎಂದು, ಟೀ ತರಲಿ ಎಂದು, ಫೋನಿಗೆ ಓಡಲಿ ಎಂದು. ಎಷ್ಟು ಚೆನ್ನಾಗಿ ಕಟ್ಟಿದ್ದಳೆಂದರೆ, ಅದರೊಳಗೇ ಬೆಳೆದ ಜೀರುಂಡೆಗೆ ಅದು ಕಂಡೇ ಇರಲಿಲ್ಲ.

ಅವಳು ಅಮ್ಮನನ್ನು ಕಣ್ಣರಳಿಸಿ ನೋಡಿದಳು. ಅಮ್ಮ ಎಂದಿನಂತೆ ಕರವಸ್ತ್ರ ಹಿಂಡುತ್ತ ನಿಂತಿದ್ದಳು.

"ಆದ್ರೆ ಅಕ್ಕ," ಎಂದಳು ಚಿಕ್ಕಮ್ಮ, "ಆ ಪ್ಲಾನ್ ಇಲ್ಲಿ ನಡೆಯಲ್ಲ. ಅದು ಚಿಕ್ಕ ಹಾಲ್. ಎಲ್ಲಿ ಕೈ ಚಾಚಿದ್ರೂ ಏನಾದ್ರೂ ಸಿಗ್ತಿತ್ತು. ಇದು ಎರಡರಷ್ಟಿದೆ. ಇಲ್ಲಿ ಎಲ್ಲಾ ಗೋಡೆಗೆ ಒತ್ತಿದ್ರೆ ನಿಮಗೆ ಏನಾಗುತ್ತೆ, ನೀವೇ ಹೇಳಿ ಭಾವ."

"ಸಮುದ್ರದ ನಡುವೆ ನಿಂತ ಹಾಗಾಗುತ್ತೆ" ಎಂದ ಅಪ್ಪ. "ಯಾವ ಕಡೆ ದಡ ಅಂತ ಗೊತ್ತಾಗಲ್ಲ. ಜೀರುಂಡೆ, ಎಲ್ಲಿದೀಯ? ಮೊದಲು ನಾನು ಈ ಹಾಲ್ ನೋಡ್ಬೇಕು. ಆಮೇಲೆ ಪ್ಲಾನ್ ಮಾತಾಡೋಣ."

ಅವನು ನಿಂತಲ್ಲೇ ಎರಡೂ ಅಂಗೈ ಸೇರಿಸಿ ಒಂದು ಚಪ್ಪಾಳೆ ಹೊಡೆದ. ಠಪ್! ಖಾಲಿ ಹಾಲ್ ಅದನ್ನು ತಿರುಗಿ ಹೇಳಿತು. ಅಪ್ಪ ತಲೆ ಓರೆ ಮಾಡಿ ಕೇಳಿದ. ಸ್ವಲ್ಪ ತಿರುಗಿ ಇನ್ನೊಂದು ಚಪ್ಪಾಳೆ ಹೊಡೆದ.

"ಈ ಕಡೆ ದೊಡ್ಡ ಕಿಟಕಿ. ಗಾಜು ಮುಚ್ಚಿದೆ" ಎಂದ. "ಆ ಕಡೆ ಸದ್ದು ಒಳಗೆ ಹೋಗಿ ತಡವಾಗಿ ಬಂತು. ಪ್ಯಾಸೇಜು ಇರ್ಬೇಕು."

ಇತ್ತು. ಕಿಟಕಿಯೂ ಇತ್ತು. ಜೀರುಂಡೆ ಬಾಯಿ ತೆರೆದುಕೊಂಡೇ ನಿಂತಳು.

ಅಪ್ಪ ಗೋಡೆಗೆ ಅಂಗೈ ಇಟ್ಟು ನಡೆಯತೊಡಗಿದ. ಅವಸರವಿಲ್ಲ. ಬೆರಳುಗಳು ಸ್ವಿಚ್ಚಿನ ಹಲಗೆಯನ್ನು ದಾಟಿದವು, ಕಿಟಕಿಯ ಕಟ್ಟೆಯನ್ನು ಅಳೆದವು. ಒಂದು ಕಡೆ ಗೋಡೆಯನ್ನು ಗೆಣ್ಣಿನಿಂದ ತಟ್ಟಿ, "ಇದರ ಹಿಂದೆ ಬಚ್ಚಲು. ನೀರಿನ ಪೈಪು ಇದೆ, ಮೊಳೆ ಹೊಡೀಬೇಡಿ" ಎಂದ. ಇನ್ನೊಂದು ಕಡೆ ನಿಂತು ಕೆನ್ನೆಯನ್ನು ಗಾಳಿಗೆ ಒಡ್ಡಿದ. "ಬಾಲ್ಕನಿ ಗಾಳಿ ಇಲ್ಲಿಗೆ ಬರುತ್ತೆ. ನನ್ನ ಕುರ್ಚಿ ಇಲ್ಲೇ."

ಸುತ್ತು ಮುಗಿಸಿ ಬಾಗಿಲಿಗೆ ಬಂದು ನಿಂತ. ಅಲ್ಲಿಂದ ಬಾಯಲ್ಲೇ ಹಾಲ್ ಬರೆದ, ಟ್ಯೂಷನ್ನಿನಲ್ಲಿ ತ್ರಿಭುಜ ಬರೆಯುವ ಹಾಗೆ. ಯಾವ ಗೋಡೆ ಉದ್ದ, ಯಾವುದು ಗಿಡ್ಡ, ಬಾಗಿಲಿಂದ ಅಡುಗೆಮನೆಗೆ ಗೆರೆ ಎಳೆದರೆ ಅದು ಕಿಟಕಿಗೆ ಎಷ್ಟು ಹತ್ತಿರ ಹೋಗುತ್ತದೆ, ಎಲ್ಲಾ. ಜೀರುಂಡೆ ಬೆಳಗ್ಗೆಯಿಂದ ಈ ಹಾಲ್‌ನಲ್ಲೇ ಕುಣಿದಾಡಿದ್ದಳು. ಅಡುಗೆಮನೆಯ ಗೋಡೆ ಚೂರು ಓರೆಯಾಗಿದೆ ಎನ್ನುವುದು ಅವಳಿಗೆ ಈಗ ತಿಳಿಯಿತು.

"ಹೇಗೆ ಗೊತ್ತಾಯ್ತು ಅಪ್ಪ?"

"ನೀನು ಚಿತ್ರ ನೋಡಿ ಪ್ಲಾನ್ ಮಾಡ್ದೆ. ನಾನು ಮನೆ ನೋಡಿ ಮಾಡ್ತಿದೀನಿ" ಎಂದು ಅಪ್ಪ ನಕ್ಕ. "ಈಗ ನಿನ್ನ ಸೋಫಾ ಎಲ್ಲಿ? ತೋರಿಸು."

ಜೀರುಂಡೆ ನೆಲ ನೋಡಿದಳು. ಅರ್ಧ ಕಿತ್ತ ಹಳದಿ ಟೇಪು. ಇದನ್ನು ಅಪ್ಪನಿಗೆ ತೋರಿಸುವುದು ಹೇಗೆ? ಅವಳ ಕಣ್ಣು ಬಾಗಿಲ ಬಳಿ ಬಿದ್ದಿದ್ದ ರಟ್ಟಿನ ಪೆಟ್ಟಿಗೆಗಳ ಕಡೆಗೆ ಹೋಯಿತು.

"ಚಿಕ್ಕಮ್ಮ! ಪೆಟ್ಟಿಗೆ ಜೋಡಿಸೋಣ! ಪೆಟ್ಟಿಗೆ ಆದ್ರೆ ಕೈಗೆ ಸಿಗುತ್ತೆ!"

"ನನ್ನ ಅಸಿಸ್ಟೆಂಟ್ ಕೆಲಸ ಹೋಗಲಿಲ್ಲ ಸದ್ಯ" ಎಂದು ಚಿಕ್ಕಮ್ಮ ಸೆರಗು ಸಿಕ್ಕಿಸಿದಳು.

ಮೂರು ಪೆಟ್ಟಿಗೆ ಸೇರಿಸಿದರೆ ಸೋಫಾ ಆಯಿತು. ಒಂದರ ಮೇಲೊಂದು ಇಟ್ಟರೆ ಕಪಾಟು. ಏಣಿಯನ್ನು ಅಮ್ಮ ಮಡಿಸಿ ಹೊರಗಿಟ್ಟಳು. ಜೀರುಂಡೆ ಸೋಫಾವನ್ನು ಗೋಡೆಗೆ ತಳ್ಳಲು ಹೋದಾಗ ಅಪ್ಪ ತಡೆದ.

"ಬೇಡ, ಮುಂದೆ ತಾ. ಇನ್ನೂ ಮುಂದೆ. ಹಾಂ, ಈಗ ಅದರ ಬೆನ್ನು ಬಾಗಿಲಿಂದ ಅಡುಗೆಮನೆಗೆ ಹೋಗೋ ಗೆರೆಗೆ ಸರಿಯಾಗಿ ನಿಲ್ಲಿಸು."

"ನಡುವೆ ಬರುತ್ತಲ್ಲ ಅಪ್ಪ? ತಾಗಲ್ವಾ?"

"ತಾಗಬೇಕು ಕಣೇ. ಅದೇ ನನ್ನ ದಾರಿ." ಅಪ್ಪ ಬಾಗಿಲಿಂದ ಎರಡು ಹೆಜ್ಜೆ ಇಟ್ಟು ಸೋಫಾದ ಬೆನ್ನಿಗೆ ಕೈ ತಾಗಿಸಿದ. ರಟ್ಟಿನ ಮೇಲೆ ಬೆರಳು ಜಾರಿಸುತ್ತ, ಹಳೆಯ ಮನೆಯಲ್ಲಿ ನಡೆಯುವಷ್ಟೇ ಸಲೀಸಾಗಿ ಅಡುಗೆಮನೆಯ ಬಾಗಿಲಿಗೆ ಹೋಗಿ ತಿರುಗಿ ಬಂದ. ಬರುವಾಗ ಬೇಕೆಂದೇ ಎರಡೂ ಕೈಯಲ್ಲಿ ಟೀ ಹಿಡಿದವನಂತೆ ನಟಿಸಿ, ಸೊಂಟವನ್ನು ಸೋಫಾಕ್ಕೆ ಸವರಿಕೊಂಡು ಬಂದ. ಅಮ್ಮ ಜೋರಾಗಿ ನಕ್ಕುಬಿಟ್ಟಳು.

ಹೀಗೆ ಒಂದೊಂದೇ ಸಾಮಾನು ಜಾಗ ಹುಡುಕಿಕೊಂಡಿತು. ದಪ್ಪ ಕಾರ್ಪೆಟ್ಟಿನ ಅಂಚು ಕಾಲಿಗೆ ಸಿಕ್ಕಿಕೊಳ್ಳುತ್ತದೆ ಎಂದು ಅಮ್ಮ ಬೇಡವೆಂದಳು. ಅದರ ಬದಲು ತೆಳುವಾದ ಜಮಖಾನ ಹಾಸಿ, ಅಂಚನ್ನು ಸೋಫಾದ ಕಾಲ ಕೆಳಗೆ ಸಿಕ್ಕಿಸುವುದು ಎಂದಾಯಿತು. ಪಾದಕ್ಕೆ ಜಮಖಾನ ಸಿಕ್ಕರೆ ಕೂರುವ ಜಾಗ ಬಂತೆಂದು ಅಪ್ಪನಿಗೆ ತಿಳಿಯುತ್ತದೆ. ಟ್ಯೂಷನ್ ಮಕ್ಕಳು ಬ್ಯಾಗುಗಳನ್ನು ಎಲ್ಲೆಂದರಲ್ಲಿ ಬಿಸಾಡುತ್ತಾರಲ್ಲ, ಅದಕ್ಕೆ ಬಾಗಿಲ ಪಕ್ಕದಲ್ಲೇ ಗೂಟಗಳ ಸಾಲು. ಗಾಜಿನ ಟೀಪಾಯಿಯ ವಿಷಯವನ್ನು ಜೀರುಂಡೆಯೇ ಕೈಬಿಟ್ಟಳು. "ಅದನ್ನ ದಿನಾ ಒರೆಸೋದು ಯಾರು?" ಎಂದಳು, ಥೇಟ್ ಅಮ್ಮನ ಧ್ವನಿಯಲ್ಲಿ.

"ಉಯ್ಯಾಲೆ?" ಎಂದ ಅಪ್ಪ.

ಜೀರುಂಡೆ ತಲೆ ಬಗ್ಗಿಸಿದಳು. "ಬೇಡ ಅಪ್ಪ."

"ನಂಗೆ ಬೇಕಲ್ಲ! ಉಯ್ಯಾಲೇಲಿ ಕೂತು ಲೆಕ್ಕ ಹೇಳ್ಕೊಟ್ರೆ ಮಕ್ಕಳು ಒಂದು ದಿನಾನೂ ತಪ್ಪಿಸ್ಕೊಳ್ಳಲ್ಲ. ಆದ್ರೆ ತೊಂದರೆ ಏನು ಗೊತ್ತಾ? ಕಾಲಿರೋದನ್ನ ನನ್ನ ಕೋಲು ಹಿಡಿಯುತ್ತೆ. ನೇತಾಡೋದಕ್ಕೆ ಕಾಲೇ ಇಲ್ಲ. ಅದಕ್ಕೊಂದು ಕಾಲು ಕೊಡು. ಲೆಕ್ಕ ಕೊಟ್ಟಿದೀನಿ, ಬಿಡಿಸು."

ಜೀರುಂಡೆ ಕೊಕ್ಕೆ ನೋಡಿದಳು. ಮೂಲೆ ನೋಡಿದಳು. ಚಿಕ್ಕಮ್ಮ ಏನೋ ಹೇಳಲು ಹೊರಟು, ತಾನೇ ತುಟಿ ಕಚ್ಚಿ ಸುಮ್ಮನಾದಳು. ಹೊರಗೆ ರಸ್ತೆಯಲ್ಲಿ ಒಂದು ಲಾರಿ ಹಾರ್ನ್ ಹೊಡೆಯುತ್ತ ಹೋಯಿತು.

"ಕೊಕ್ಕೆ ಕಿಟಕಿ ಮೂಲೆಗೆ ಹಾಕಿಸ್ಬೇಕು" ಎಂದಳು ಜೀರುಂಡೆ ಯೋಚಿಸುತ್ತ. "ಅಲ್ಲಿಂದ ಯಾರಿಗೂ ದಾರಿ ಇಲ್ಲ. ಆಮೇಲೆ... ನನ್ನ ಪುಸ್ತಕದ ಗೂಡು ಇದೆಯಲ್ಲ, ಗಿಡ್ಡದು? ಅದನ್ನ ಉಯ್ಯಾಲೆ ಮುಂದೆ ಅಡ್ಡ ಇಡೋಣ. ಕಾಂಪೌಂಡ್ ಥರ. ಕೋಲಿಗೆ ಮೊದಲು ಅದೇ ಸಿಗುತ್ತೆ. ಒಳಗೆ ಹೋಗೋಕೆ ಪಕ್ಕದಲ್ಲಿ ಒಂದು ಗೇಟು ಬಿಡೋಣ. ಉಯ್ಯಾಲೇಲಿ ಕೂತು ಕೈ ಚಾಚಿದ್ರೆ ಪುಸ್ತಕಾನೂ ಸಿಗುತ್ತೆ!"

ಚಿಕ್ಕಮ್ಮ ಒಂದು ಗಿಡ್ಡ ಪೆಟ್ಟಿಗೆಯನ್ನು ಕಿಟಕಿ ಮೂಲೆಯ ಮುಂದೆ ಅಡ್ಡ ಇಟ್ಟು ನೋಡಿದಳು.

"ಅಕ್ಕ," ಎಂದಳು ಚಿಕ್ಕಮ್ಮ ಮೆಲ್ಲಗೆ, "ಇವಳನ್ನ ನನ್ನ ಆಫೀಸಿಗೆ ಕಳಿಸಿಬಿಡು."

ಅಪ್ಪ ಕೈ ಚಾಚಿ ಜೀರುಂಡೆಯ ತಲೆ ಹುಡುಕಿ, ಕೂದಲು ಕೆದರಿದ.

ಎಲ್ಲ ಪೆಟ್ಟಿಗೆಗಳೂ ನಿಂತ ಮೇಲೆ ಅಪ್ಪ ಮತ್ತೊಮ್ಮೆ ಚಪ್ಪಾಳೆ ಹೊಡೆದ. ಈ ಸಲ ಹಾಲ್ ಮೊದಲಿನಂತೆ ಜೋರಾಗಿ ತಿರುಗಿ ಹೇಳಲಿಲ್ಲ. ಸದ್ದು ಅಲ್ಲಲ್ಲಿ ನಿಂತು, ಮೆತ್ತಗಾಗಿ ಬಂತು. ಜೀರುಂಡೆಗೂ ಅದು ಕೇಳಿಸಿತು.

"ನಾನೂ ನೋಡ್ಲಾ ಅಪ್ಪ? ನಿನ್ನ ಥರ?"

"ಬಾ. ಕಣ್ಣು ಮುಚ್ಕೋ. ಕದ್ದು ನೋಡಿದ್ರೆ ಔಟ್."

ಅವಳು ಬಾಗಿಲ ಬಳಿ ನಿಂತು ಕಣ್ಣು ಮುಚ್ಚಿದಳು. ಮೊದಲು ಬರೀ ಕತ್ತಲು. ಕಾಲು ಮುಂದೆ ಹೋಗಲೇ ಒಪ್ಪಲಿಲ್ಲ. ಕೈಗಳು ತಾವಾಗಿಯೇ ಮುಂದಕ್ಕೆ ಚಾಚಿದವು, ಬೆರಳು ಅಗಲವಾದವು. ಒಂದು ಹೆಜ್ಜೆ. ಇನ್ನೊಂದು. ಏನೂ ಸಿಗಲಿಲ್ಲ. ಆಗ ಬೆರಳ ತುದಿಗೆ ರಟ್ಟು ತಾಗಿತು.

ಸೋಫಾದ ಬೆನ್ನು!

ಬೆನ್ನು ಸಿಕ್ಕಿತೆಂದರೆ ಅಡುಗೆಮನೆ ಈ ಕಡೆ. ಹೌದು, ಅಲ್ಲಿ ಅಮ್ಮ ನಲ್ಲಿ ತಿರುಗಿಸುತ್ತಿದ್ದಳು. ಹಾಗಾದರೆ ಕಿಟಕಿ ಆ ಕಡೆ, ಅಲ್ಲಿಂದ ರಸ್ತೆಯ ಸದ್ದು ಬರುತ್ತಿತ್ತು. ಜೀರುಂಡೆಯ ಕೈಗಳು ಕೆಳಗಿಳಿದವು. ಒಂದು ಕೈ ಮಾತ್ರ ರಟ್ಟಿನ ಮೇಲೆ ಜಾರುತ್ತ ಹೋಯಿತು. ಸೋಫಾ ಮುಗಿಯಿತು. ಅಲ್ಲಿ ಕೆನ್ನೆಗೆ ಗಾಳಿ ಬಂತು. ಅಪ್ಪನ ಕುರ್ಚಿ ಇಲ್ಲೇ. ಅವಳು ತಿರುಗಿ ನಡೆದಳು. ಕಾಲಿನ ಬೆರಳಿಗೆ ಗಿಡ್ಡ ಪೆಟ್ಟಿಗೆ ತಾಗಿತು. ನಿಂತಳು. ಇದರಾಚೆಗೆ ಉಯ್ಯಾಲೆ.

ಅವಳಿಗೆ ಈಗ ರಟ್ಟು ಕಾಣುತ್ತಿರಲಿಲ್ಲ. ಸೋಫಾ ಸೋಫಾವಾಗಿಯೇ ನಿಂತಿತ್ತು. ಗೂಟಗಳಲ್ಲಿ ಬ್ಯಾಗುಗಳು ತೂಗುತ್ತಿದ್ದವು. ಜಮಖಾನದ ಮೇಲೆ ಟ್ಯೂಷನ್ ಮಕ್ಕಳು ಸುತ್ತ ಕೂತಿದ್ದರು. ನಡುವೆ ಅಪ್ಪ ಎರಡೂ ಕೈಯಲ್ಲಿ ಟೀ ಹಿಡಿದು ಸರಸರ ಬರುತ್ತಿದ್ದ. ಇಡೀ ಮನೆ ಅವಳ ಸುತ್ತ ಇತ್ತು, ಎಷ್ಟು ದೊಡ್ಡದಾಗಿ, ಎಷ್ಟು ಹತ್ತಿರವಾಗಿ! ಯಾವ ಚಿತ್ರದಲ್ಲೂ ಅವಳು ಇಂಥದ್ದನ್ನು ಕಂಡಿರಲಿಲ್ಲ.

"ಆಯ್ತು ಮೇಡಮ್ಮೋರೆ, ಕಣ್ಣು ಬಿಡಿ" ಎಂದಳು ಚಿಕ್ಕಮ್ಮ. "ಹೊತ್ತಾಯ್ತು, ಹೊರಡೋಣ."

"ಇರು ಚಿಕ್ಕಮ್ಮ" ಎಂದಳು ಜೀರುಂಡೆ, ತುಂಬಾ ಸಣ್ಣ ಧ್ವನಿಯಲ್ಲಿ. "ಇನ್ನೂ ನೋಡ್ತಾ ಇದೀನಿ."